ಮೈಸೂರಿನ ಪಾಶ್ಚಾತ್ಯ ವಾದ್ಯವೃಂದ: ಆಶ್ರಯ ಮತ್ತು ಉಳಿವಿನ ವಿಚಾರ

ಮೈಸೂರು ಸಂಸ್ಥಾನದ ಸಂಗೀತವೆಂದೊಡನೆ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರೇ ಮೊದಲಾದ ಆಸ್ಥಾನ ವಿದ್ವಾಂಸರ ಹೆಸರುಗಳು ನೆನಪಿಗೆ ಬರುತ್ತವೆ. ಇದು ಸಹಜವೇ ಆಗಿದೆ. ಆದರೆ ಅದೇ ಅರಮನೆಯಲ್ಲಿ ಪಿಟೀಲು, ಕ್ಲಾರಿನೆಟ್, ಟ್ರಂಪೆಟ್ ಮೊದಲಾದ ವಾದ್ಯಗಳನ್ನು ಬರೆದಿಟ್ಟ ಸ್ವರಲಿಪಿಯಂತೆ ನುಡಿಸುವ ಪಾಶ್ಚಾತ್ಯ ವಾದ್ಯಮೇಳವೂ ಇದ್ದಿತು. ಅದೇ ರಾಜವಂಶದ ಕೊನೆಯ ದೊರೆಗಳು ಲಂಡನ್ನಿನ ಒಂದು ಸಿಂಫನಿ ವಾದ್ಯವೃಂದಕ್ಕೆ ಅದರ ಎಳೆತನದಲ್ಲಿ ಆಸರೆಯಾಗಿ ನಿಂತರು. ಈ ಎರಡು ವೃಂದಗಳ ಕಥೆಯನ್ನು ಒಟ್ಟಿಗೆ ಇರಿಸಿ ನೋಡಿದಲ್ಲಿ, ಆಶ್ರಯದಾತನು ಮರೆಯಾದ ಮೇಲೆ ವಾದ್ಯವೃಂದವೊಂದು ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದೆಂದು ನಾವು ಭಾವಿಸುತ್ತೇವೆ.

ಇಂತಹ ಚರಿತ್ರೆಯನ್ನು ಅರಮನೆಯ ಬಾಗಿಲಿನಿಂದ ಆರಂಭಿಸುವುದು ವಾಡಿಕೆ. ನಾವು ಚನ್ನಪಟ್ಟಣದಿಂದ ಆರಂಭಿಸುತ್ತೇವೆ. ವಿರೂಪಾಕ್ಷಿಪುರ ಹೋಬಳಿಯನ್ನು ಒಳಗೊಂಡ ಈ ತಾಲ್ಲೂಕು ಇಂದು ಅರಗಿನ ಬಣ್ಣದ ಬೊಂಬೆಗಳಿಗೂ ರೇಷ್ಮೆಗೂ ಹೆಸರಾಗಿದೆ. ಆದರೆ ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈ ಸೀಮೆಯನ್ನು ಸಂಚರಿಸಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ಗಮನಿಸಿದ ಕಸುಬುಗಳಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ತಯಾರಿಕೆಯೂ ಒಂದು. ಈ ತಂತಿಗಳಿಗೆ ದೂರದ ನಾಡುಗಳಲ್ಲಿಯೂ ಬೇಡಿಕೆಯಿದ್ದಿತು. ನೆರೆಯ ಮಾಗಡಿ ಸೀಮೆಯಲ್ಲಿ ಕಬ್ಬಿಣದ ಅದಿರನ್ನು ಕರಗಿಸುವ ಕುಲುಮೆಗಳಿದ್ದುದನ್ನೂ ಆತನು ಕಂಡನು.

ವೀಣೆಯ ಸಾರಣಿ ಮತ್ತು ಪಂಚಮದ ತಂತಿಗಳು ಉಕ್ಕಿನವು. ಅವುಗಳ ದಪ್ಪ ಉದ್ದಕ್ಕೂ ಒಂದೇ ಸಮನಾಗಿರದಿದ್ದರೆ ಸ್ವರವು ಮೆಟ್ಟಿಲುಗಳ ಮೇಲೆ ಸರಿಯಾಗಿ ನಿಲ್ಲದು. ಉಕ್ಕನ್ನು ಕಾಸಿ, ಬಡಿದು, ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳ ಮೂಲಕ ಎಳೆದು ಅಂತಹ ತಂತಿಯನ್ನು ಮಾಡುವುದು ಸಾಮಾನ್ಯ ಕೌಶಲವಲ್ಲ. ಆದುದರಿಂದ ವಿದ್ವಾಂಸರ ನಾದಕ್ಕೂ ಕುಲುಮೆಯ ಮುಂದೆ ಕುಳಿತ ಕಸುಬಿನವನಿಗೂ ಸಂಬಂಧವಿದ್ದಿತು. ಯಂತ್ರದಲ್ಲಿ ಎಳೆದ ವಿದೇಶದ ತಂತಿ ಅಗ್ಗವಾಗಿ ದೊರೆಯತೊಡಗಿದ ಮೇಲೆ ಕೈಕಸುಬಿನ ತಂತಿ ಅದರೆದುರು ನಿಲ್ಲಲಾರದೆ ಹೋಯಿತು. ಅರಮನೆಯ ಸಂಗೀತದ ವೈಭವವು ಹೆಚ್ಚುತ್ತಿದ್ದ ಶತಮಾನದಲ್ಲಿಯೇ ಅದಕ್ಕೆ ತಂತಿ ಒದಗಿಸುತ್ತಿದ್ದ ಊರಿನ ಕಸುಬು ಕ್ಷೀಣಿಸಿತೆಂಬುದನ್ನು ನಮ್ಮ ಸಂಗೀತಚರಿತ್ರೆಗಳು ಗಣನೆಗೆ ತಂದುಕೊಂಡಿಲ್ಲ.

ಇನ್ನು ಅರಮನೆಯ ವಿಚಾರ. ಹತ್ತನೆಯ ಚಾಮರಾಜ ಒಡೆಯರು (1863–1894) ಸ್ವತಃ ಪಿಟೀಲು ಬಲ್ಲವರಾಗಿದ್ದರು. ಅವರ ಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರು (1884–1940) ವೀಣೆ, ಪಿಟೀಲು, ಮೃದಂಗಗಳಲ್ಲದೆ ಪಿಯಾನೊ, ಸ್ಯಾಕ್ಸಫೋನ್‌ಗಳನ್ನೂ ನುಡಿಸಬಲ್ಲವರಾಗಿದ್ದರು. ಇವರ ಆಳ್ವಿಕೆಯಲ್ಲಿ ಅರಮನೆಯ ವಾದ್ಯಮೇಳಗಳು ಎರಡು ಕವಲುಗಳಾಗಿ ಬೆಳೆದವು. ಒಂದು, ಯೂರೋಪಿನ ಕೃತಿಗಳನ್ನು ನುಡಿಸುವ ಇಂಗ್ಲಿಷ್ ಬ್ಯಾಂಡು. ಇನ್ನೊಂದು, ನಮ್ಮ ವಾಗ್ಗೇಯಕಾರರ ಕೃತಿಗಳನ್ನು ಪಾಶ್ಚಾತ್ಯ ವಾದ್ಯಗಳಲ್ಲಿ ನುಡಿಸುವ ಕರ್ಣಾಟಕ ಬ್ಯಾಂಡು. ಜರ್ಮನಿಯವರಾದ ಆಟೊ ಷ್ಮಿಟ್ ಅವರು ಅರಮನೆಯ ವಾದ್ಯವೃಂದದ ನಿರ್ದೇಶಕರಾಗಿದ್ದರು. ವೈಣಿಕ ವೆಂಕಟಗಿರಿಯಪ್ಪನವರು (1887–1952) ದೊರೆಗಳ ಅಪೇಕ್ಷೆಯಂತೆ ವಾದ್ಯಮೇಳಕ್ಕೆ ಒಪ್ಪುವ ‘ನಗ್ಮಾ’ ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು.

ಈ ಪ್ರಯೋಗದ ಮಹತ್ತ್ವವನ್ನು ಅರಿಯಲು ಎರಡು ಪದ್ಧತಿಗಳ ಭೇದವನ್ನು ನೆನೆಯಬೇಕು. ಸಿಂಫನಿ ವಾದ್ಯವೃಂದದಲ್ಲಿ ಪ್ರತಿಯೊಬ್ಬ ವಾದಕನೂ ತನಗೆಂದು ಬರೆದ ಭಾಗವನ್ನೇ ನುಡಿಸುತ್ತಾನೆ. ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಾದವಾಗುತ್ತವೆ. ನಮ್ಮಲ್ಲಿ ರಾಗವು ಒಬ್ಬ ಗಾಯಕನ ಅಥವಾ ವಾದಕನ ಗಮಕದಲ್ಲಿ ಅರಳುತ್ತದೆ. ಮನೋಧರ್ಮವೇ ಅದರ ಪ್ರಾಣ. ಹತ್ತಾರು ಮಂದಿ ಒಟ್ಟಾಗಿ ಒಂದು ಕೃತಿಯನ್ನು ನುಡಿಸಬೇಕಾದರೆ ಗಮಕವನ್ನು ಎಷ್ಟರಮಟ್ಟಿಗೆ ಬರೆದಿಡಬಹುದು, ಮನೋಧರ್ಮಕ್ಕೆ ಎಷ್ಟು ಎಡೆಯನ್ನು ಉಳಿಸಬಹುದು ಎಂಬ ತೊಡಕನ್ನು ಮೈಸೂರಿನ ವಾದಕರು ದಿನನಿತ್ಯದ ಅಭ್ಯಾಸದಲ್ಲಿ ಎದುರಿಸಿದರು. ಇದನ್ನು ಕೇವಲ ರಾಜವಿಲಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಜಯಚಾಮರಾಜ ಒಡೆಯರ (1919–1974) ಕಾಲಕ್ಕೆ ಈ ಆಸಕ್ತಿಯು ಸಮುದ್ರವನ್ನು ದಾಟಿತು. ಪಿಯಾನೊ ವಾದನದಲ್ಲಿ ಶಿಕ್ಷಣ ಪಡೆದಿದ್ದ ಅವರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವನ್ನೂ ಪಡೆದರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ಅವರ ಕೃತಿಗಳನ್ನು ಧ್ವನಿಮುದ್ರಿಸುವ ವೆಚ್ಚವನ್ನು ಇವರು ವಹಿಸಿಕೊಂಡರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಮೈಸೂರಿನ ದೊರೆಗೆ ಅರ್ಪಿಸಿದರು. 1945ರಲ್ಲಿ ವಾಲ್ಟರ್ ಲೆಗ್ ಅವರು ಲಂಡನ್ನಿನಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಸ್ಥಿರವಾದ ಹಣದ ಆಧಾರವಿರಲಿಲ್ಲ. ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಡೆಯರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆ’ಗಳನ್ನು ಮೊಟ್ಟಮೊದಲು ಹಾಡಿದುದು ಇದೇ ವೃಂದದೊಡನೆ, ಆ ಕಚೇರಿಯ ಹಿಂದೆಯೂ ಮೈಸೂರಿನ ಹಣವಿದ್ದಿತು. ಇದೇ ದೊರೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಅವರ ಪಾಶ್ಚಾತ್ಯಾಭಿರುಚಿಯು ಸ್ವದೇಶಿಯ ತಿರಸ್ಕಾರವಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಅರಮನೆಯ ವೆಚ್ಚವೆಲ್ಲವೂ ಕಟ್ಟಕಡೆಗೆ ನಾಡಿನ ಹುಟ್ಟುವಳಿಯಿಂದಲೇ ಬರತಕ್ಕದ್ದು. ವಿರೂಪಾಕ್ಷಿಪುರದಂತಹ ಹೋಬಳಿಯ ರಾಗಿಯ ಹೊಲ, ಹಿಪ್ಪುನೇರಳೆಯ ತೋಟಗಳಿಂದ ಸಂದ ಕಂದಾಯದ ಅಂಶವೂ ಅದರಲ್ಲಿ ಸೇರಿದೆ. 1947ರಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಜವಾಬ್ದಾರಿ ಸರ್ಕಾರವು ಬಂದ ನಾಡಿನಲ್ಲಿ, ಪ್ರಜೆಗಳು ಕೇಳಲಾರದ ಕಚೇರಿಗೆ ದೊರೆಯು ನೀಡುವ ದಾನವು ಬಹುಕಾಲ ನಡೆಯಲಾರದಾಗಿತ್ತು. 1950ರ ಜನವರಿ 26ರಿಂದ ಮೈಸೂರು ಭಾರತ ಗಣರಾಜ್ಯದ ಒಂದು ರಾಜ್ಯವಾಯಿತು. ದೊರೆಗಳು ರಾಜಪ್ರಮುಖರಾದರು, ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನವು ನಿಗದಿಯಾಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಅದೂ ನಿಂತಿತು.

ಆಶ್ರಯವು ಹಿಂದೆ ಸರಿದಾಗ ಎರಡು ವೃಂದಗಳಿಗೂ ಒಂದೇ ಬಗೆಯ ಸಂಕಟ ಒದಗಿತು; ಪರಿಣಾಮ ಮಾತ್ರ ಬೇರೆ ಬೇರೆ. ಲಂಡನ್ನಿನಲ್ಲಿ 1964ರಲ್ಲಿ ಲೆಗ್ ಅವರು ಫಿಲ್‌ಹಾರ್ಮೋನಿಯವನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ ವಾದಕರು ತಾವೇ ಒಂದುಗೂಡಿ, ಆಡಳಿತವನ್ನು ಕೈಗೆ ತೆಗೆದುಕೊಂಡು, ‘ನ್ಯೂ ಫಿಲ್‌ಹಾರ್ಮೋನಿಯ’ ಎಂಬ ಹೆಸರಿನಿಂದ ಮುಂದುವರಿದರು. 1977ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆದರು. ಮೈಸೂರಿನ ಬ್ಯಾಂಡುಗಳು ಸರ್ಕಾರದ ಪೊಲೀಸ್ ಇಲಾಖೆಗೆ ಸೇರಿದವು. ಅವು ಇಂದಿಗೂ ಇವೆ. ದಸರಾ ಕಾಲದಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನ ಕಚೇರಿಯನ್ನು ಜನರು ಗುಂಪುಗೂಡಿ ಕೇಳುತ್ತಾರೆ. ಆದರೆ ನಾಗರಿಕರು ತಾವೇ ಕೂಡಿ ನಡೆಸುವ ಸಿಂಫನಿ ವೃಂದವೊಂದು ಅದರಿಂದ ಹುಟ್ಟಲಿಲ್ಲ.

ಇದಕ್ಕೆ ಕಾರಣವು ನಮ್ಮವರ ಅಭಿರುಚಿಯ ಕೊರತೆಯಲ್ಲ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1743ರಲ್ಲಿ ವರ್ತಕರೇ ಹಣ ಕೂಡಿಸಿ ಕಚೇರಿಗಳನ್ನು ಏರ್ಪಡಿಸಿದರು. ಪ್ರಸಿದ್ಧವಾದ ಗೆವಾಂಡ್‌ಹೌಸ್ ವೃಂದವು ಅದರಿಂದಲೇ ಬೆಳೆಯಿತು. ಮುಂಬಯಿಯಲ್ಲಿ ಮೆಹ್ಲಿ ಮೆಹ್ತಾ ಅವರು 1935ರಲ್ಲಿ ಬಾಂಬೆ ಸಿಂಫನಿಯನ್ನು ಕಟ್ಟಿದುದು ಸಂಗೀತಾಸಕ್ತರ ಸಮಾಜವೊಂದನ್ನು ನಂಬಿ. ಮೈಸೂರಿನಲ್ಲಾದರೋ ವಾದಕರ ಸಂಬಳ, ವಾದ್ಯ, ಸ್ವರಲಿಪಿ, ಅಭ್ಯಾಸದ ಕೋಣೆ ಎಲ್ಲವೂ ಅರಮನೆಯದೇ ಆಗಿದ್ದವು. ನಾದವು ಊರಿಗೆ ಕೇಳಿಸಿತು, ವೃಂದವು ಊರಿನದಾಗಲಿಲ್ಲ.

ಹಾಗಾದರೆ ಊರಿನದೇ ಆದ ವಾದ್ಯಮೇಳ ನಮ್ಮಲ್ಲಿರಲಿಲ್ಲವೇ? ಇದ್ದಿತು. ಈ ಸೀಮೆಯ ಹಬ್ಬ ಜಾತ್ರೆಗಳಲ್ಲಿ ಪೂಜಾಕುಣಿತ, ಪಟದ ಕುಣಿತಗಳಿಗೆ ತಮಟೆ, ನಗಾರಿಗಳ ಮೇಳವಿಲ್ಲದೆ ದೇವರು ಹೊರಡುವುದಿಲ್ಲ. ಆದರೆ ಇದನ್ನು ಅತಿಯಾಗಿ ಕೊಂಡಾಡುವುದೂ ಸಲ್ಲದು. ತಮಟೆಯವರು ಬಹುಕಾಲ ಜಾತಿಯ ಕಟ್ಟಳೆಯಿಂದ ಬಂದ ಚಾಕರಿಯಾಗಿ ಅದನ್ನು ಬಾರಿಸಬೇಕಾಗಿತ್ತು. ಮೇಳವು ಊರಿಗೆ ಬೇಕಾಗಿದ್ದರೂ ಮೇಳದವನನ್ನು ಊರು ಹೊರಗೇ ಇರಿಸಿತ್ತು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕವು ಈ ಕಲೆಗಳಿಗೆ ಕಟ್ಟಳೆಯಿಂದ ಬಿಡಿಸಿದ ಗೌರವದ ವೇದಿಕೆಯನ್ನು ಒದಗಿಸಲು ಮಾಡಿದ ಪ್ರಯತ್ನವಾಗಿದೆ.

ಅರಮನೆಯ ವೃಂದವು ನಿಷ್ಫಲವಾಯಿತೆಂದು ಹೇಳಲು ಬರುವುದಿಲ್ಲ. ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸಫೋನಿಗೆ ಮನಸೋತದ್ದು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅವರು ಆ ವಾದ್ಯವನ್ನು ಕರ್ಣಾಟಕ ಸಂಗೀತದ ಕಚೇರಿಯ ಪ್ರಧಾನ ವಾದ್ಯವನ್ನಾಗಿ ಮಾಡಿದರು. ಬೆಂಗಳೂರಿನಲ್ಲಿ 1987ರಲ್ಲಿ ಅರುಣಾ ಸುಂದರಲಾಲ್ ಅವರು ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಸಂಗೀತದ ಪಾಠವನ್ನು ಅರಮನೆಯ ಹಂಗಿಲ್ಲದೆ ಊರ ಮಕ್ಕಳಿಗೆ ತೆರೆಯಿತು.

ಒಟ್ಟಿನಲ್ಲಿ, ಚನ್ನಪಟ್ಟಣದ ತಂತಿ, ಅರಮನೆಯ ಬ್ಯಾಂಡು, ಊರಿನ ತಮಟೆ ಇವು ಮೂರೂ ಒಂದೇ ಮಾತನ್ನು ಸ್ಪಷ್ಟಪಡಿಸುತ್ತವೆ. ಉದಾರಿಯಾದ ಆಶ್ರಯದಾತನಿಂದ ವಾದ್ಯವೃಂದವು ಹುಟ್ಟಬಹುದು, ಶೋಭಿಸಲೂಬಹುದು. ಅದು ಮುಂದಿನ ತಲೆಮಾರಿಗೆ ದಾಟಬೇಕಾದರೆ ನುಡಿಸುವವರಿಗೆ ಅದರಲ್ಲಿ ಹಕ್ಕೂ, ಕಲಿಯುವವರಿಗೆ ಶಾಲೆಯೂ, ಕೇಳುವವರಿಗೆ ಪಾಲೂ ಇರತಕ್ಕದ್ದು. ಮೈಸೂರಿನ ನೆರವು ಪಡೆದ ಲಂಡನ್ನಿನ ವೃಂದವು ಈ ಪಾಠವನ್ನು 1964ರಲ್ಲಿ ಕಲಿತು ಉಳಿದುಕೊಂಡಿತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸಂಗೀತಶಾಲೆಗಳನ್ನೂ ಮೇಳಗಳನ್ನೂ ಕಟ್ಟಲು ಹೊರಡುವವರು ಈ ಪಾಠವನ್ನು ಗಮನದಲ್ಲಿರಿಸಿಕೊಳ್ಳುವುದು ಉಚಿತ.