ರೇಡಿಯೋವಿನ ಕಿವಿ



ರೇಡಿಯೋವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಮಾರ್ಕೋನಿಯೆಂದು ಶಾಲೆಯ ಬಾಲಕನೂ ಒಡನೆಯೇ ಹೇಳುತ್ತಾನೆ. ಈ ಉತ್ತರವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ವಾರ್ತೆಯನ್ನು ಕಳುಹುವ ಬಾಯಿಯೊಂದಿದ್ದರೆ ಸಾಲದು, ಅದನ್ನು ಕೇಳುವ ಕಿವಿಯೂ ಬೇಕು. ಆ ಕಿವಿಯು ಬೆಳೆದುಬಂದ ಬಗೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ವಿದ್ಯುತ್ಕಾಂತ ತರಂಗಗಳು ಇರಲೇಬೇಕೆಂಬುದನ್ನು ಮ್ಯಾಕ್ಸ್‌ವೆಲ್ ಪಂಡಿತನು 1865ರಲ್ಲಿ ಗಣಿತದ ಬಲದಿಂದ ಪ್ರತಿಪಾದಿಸಿದನು. ಜರ್ಮನಿಯ ಹರ್ಟ್ಸನು 1888ರ ಹೊತ್ತಿಗೆ ಕಾರ್ಲ್ಸ್‌ರೂಹೆ ನಗರದಲ್ಲಿ ಅವುಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟನು. ಆದರೆ ಅವನ ಗ್ರಾಹಕವೆಂದರೆ ತಂತಿಯದೊಂದು ಬಳೆ. ಅದರ ಸಂದಿನಲ್ಲಿ ಮಿನುಗುವ ಅತಿ ಸಣ್ಣ ಕಿಡಿಯನ್ನು ಕತ್ತಲೆಯಲ್ಲಿ ಕಣ್ಣಿಟ್ಟು ನೋಡಬೇಕಾಗಿತ್ತು. ಇಂಥ ಸಾಧನದಿಂದ ದೂರದ ವಾರ್ತೆಯನ್ನು ಹಿಡಿಯುವುದು ಅಸಾಧ್ಯವಾಗಿತ್ತು.

ಫ್ರಾನ್ಸ್ ದೇಶದ ಬ್ರಾನ್ಲಿಯು 1890ರಲ್ಲಿ ಗಾಜಿನ ಕೊಳವೆಯೊಂದರಲ್ಲಿ ಲೋಹದ ಪುಡಿಯನ್ನು ತುಂಬಿ ಪರೀಕ್ಷಿಸಿದನು. ಸಾಧಾರಣವಾಗಿ ವಿದ್ಯುತ್ತಿಗೆ ಎಡೆಗೊಡದ ಆ ಪುಡಿಯು, ಸಮೀಪದಲ್ಲಿ ಕಿಡಿ ಹಾರಿದೊಡನೆ ಕಣಕ್ಕೆ ಕಣ ಅಂಟಿಕೊಂಡಂತಾಗಿ ದಾರಿಬಿಡುತ್ತಿತ್ತು. ಇಂಗ್ಲೆಂಡಿನ ಲಾಡ್ಜನು ಇದಕ್ಕೆ ಕೊಹೀರರ್ ಎಂದು ಹೆಸರಿಟ್ಟನು. ಇದರ ದೋಷವೊಂದುಂಟು: ಒಮ್ಮೆ ಕೇಳಿದ ಕಿವಿಯು ಮತ್ತೆ ಕೇಳಬೇಕಾದರೆ ಕೊಳವೆಯನ್ನು ಪ್ರತಿಬಾರಿಯೂ ತಟ್ಟಬೇಕಾಗಿತ್ತು.

ಇತ್ತ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು 1895ರಲ್ಲಿ, ತಂತಿಯ ಸಂಬಂಧವಿಲ್ಲದೆ, ತರಂಗಗಳಿಂದಲೇ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದರು. 1899ರಲ್ಲಿ ಅವರು, ತಟ್ಟದೆಯೇ ತಾನಾಗಿ ಚೇತರಿಸಿಕೊಳ್ಳುವ ಕೊಹೀರರನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನೊಪ್ಪಿಸಿದರು. ಅವರು ವಿವರಿಸಿದ ಸಾಧನಗಳಲ್ಲಿ ಪಾದರಸವನ್ನು ಬಳಸಿದ್ದೂ ಒಂದು.

1901ನೆಯ ಡಿಸೆಂಬರ್ 12ರಂದು ಮಾರ್ಕೋನಿಯು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೂರು ಚುಕ್ಕೆಗಳ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಸಾರಿದನು. ಅಂದು ಅವನ ಬಳಿಯಿದ್ದ ಗ್ರಾಹಕಗಳಲ್ಲಿ ಪಾದರಸದ ಕೊಹೀರರೂ ಒಂದು. ಅದು ಇಟಲಿಯ ನೌಕಾಪಡೆಯ ಮೂಲಕ ಅವನಿಗೆ ದೊರೆತಿತ್ತು. ಅದರ ಮೂಲವು ಬೋಸರ ಪ್ರಬಂಧದಲ್ಲಿಯೇ ಇದೆಯೆಂದು 1998ರಲ್ಲಿ ಸಂಶೋಧಕರೊಬ್ಬರು ವಾದಿಸಿದರು. 1909ರ ನೊಬೆಲ್ ಬಹುಮಾನವಾದರೋ ಮಾರ್ಕೋನಿಗೂ ಜರ್ಮನಿಯ ಬ್ರೌನನಿಗೂ ಸಂದಿತು.

ಇದರಿಂದ ಮಾರ್ಕೋನಿಯ ಕೀರ್ತಿಯನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ. ಪ್ರಯೋಗಶಾಲೆಯ ಚಮತ್ಕಾರವನ್ನು ಸಮುದ್ರದ ಮೇಲಣ ಹಡಗುಗಳ ರಕ್ಷಣೆಗೆ ಒದಗಿಸಿದ ಛಲವೂ ವ್ಯವಹಾರ ಕೌಶಲವೂ ಅವನವು. ಬೋಸರ ಗುರಿಯೇ ಬೇರೆ. ಅವರು ಬೆಳಕಿನ ಗುಣಗಳನ್ನು ಕಿರುತರಂಗಗಳಲ್ಲಿ ಅರಸುತ್ತಿದ್ದರು. ಹಕ್ಕುಪತ್ರಗಳಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. 1904ರಲ್ಲಿ ಅಮೆರಿಕದಲ್ಲಿ ದೊರೆತ ಹಕ್ಕುಪತ್ರವೂ ಸ್ನೇಹಿತರ ಒತ್ತಾಯದ ಫಲ.

ಹಕ್ಕುಪತ್ರದ ಕಚೇರಿಯು ತನ್ನ ಬಾಗಿಲಿಗೆ ಬಂದವನ ಹೆಸರನ್ನು ಬರೆದುಕೊಳ್ಳುತ್ತದೆ. ಬಾರದವನ ಹೆಸರನ್ನು ಬರೆದಿಡುವುದು ಚರಿತ್ರೆಯ ಕರ್ತವ್ಯ. ಹನಿಗೂಡಿದರೆ ಹಳ್ಳವೆಂಬ ನಾಣ್ನುಡಿಯಿದೆ. ರೇಡಿಯೋವೂ ಅಂಥ ಹಳ್ಳವೇ. ನಾವು ಅದರ ನೀರನ್ನು ಕುಡಿಯುವಾಗ ಹನಿಗಳನ್ನು ಮರೆಯದಿರೋಣ.