ತೇಗ, ಟೀಕು

ಚಿಂತಾಮಣಿ, ಗೌರಿಬಿದನೂರು ಕಡೆ ಹೊಸ ಮನೆಗೆ ಬಾಗಿಲು ಮಾಡಿಸುವಾಗ ಕೇಳಿಬರುವ ಮಾತು ‘ಟೀಕು’. ಇಂಗ್ಲಿಷಿನಿಂದ ಬಂದ ರೂಪ, ನಿಜ. ಆದರೆ ಇಂಗ್ಲಿಷಿಗೆ ಆ ಪದ ಸಿಕ್ಕಿದ್ದು ನಮ್ಮ ಪಡುವಣ ಕರಾವಳಿಯಿಂದಲೇ. ಮಲಯಾಳದ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ‘ತೆಕ’ ಆಯಿತು, ಅಲ್ಲಿಂದ ಮುಂದೆ ಟೀಕ್. ಕನ್ನಡದ ತೇಗ, ತಮಿಳಿನ ತೇಕ್ಕು, ತೆಲುಗಿನ ಟೇಕು ಒಂದೇ ಬೇರಿನವು. ಊಟದ ಮೇಲಿನ ತೇಗು ಬೇರೆ. ಕನ್ನಡ, ತೆಲುಗು ಎರಡನ್ನೂ ಆಡುವ ಈ ಸೀಮೆಯಲ್ಲಿ ಟೇಕು, ಟೀಕು ಒಂದಕ್ಕೊಂದು ಬೆರೆತುಹೋಗಿರುವುದು ಸಹಜ.

ಪದವನ್ನು ಸಮುದ್ರ ದಾಟಿಸಿದ್ದು ಹಾಯಿಹಡಗು. ಹಡಗು ಕಟ್ಟಲು ತೇಗ ಹೇಳಿಮಾಡಿಸಿದ ಮರ. ಅದರ ಎಣ್ಣೆಯಂಶ ನೀರನ್ನೂ ಹುಳುವನ್ನೂ ತಡೆಯುತ್ತದೆ. ಓಕ್ ಮರ ಕಬ್ಬಿಣದ ಮೊಳೆಯನ್ನು ತಿನ್ನುವಂತೆ ತೇಗ ತಿನ್ನುವುದಿಲ್ಲ. ಆದರೆ ಹಸಿ ದಿಮ್ಮಿ ನೀರಿನಲ್ಲಿ ಮುಳುಗುತ್ತದೆ. ಅದಕ್ಕೇ ಕಾಂಡದ ಸುತ್ತ ತೊಗಟೆ ಕಡಿದು, ಮರವನ್ನು ನಿಂತಲ್ಲೇ ಒಣಗಿಸಿ, ಆಮೇಲೆ ಉರುಳಿಸಿ ಹೊಳೆಯಲ್ಲಿ ತೇಲಿಬಿಡುತ್ತಿದ್ದರು. ಮಲಬಾರಿನ ತೇಗದಿಂದ ಮುಂಬಯಿಯ ವಾಡಿಯಾ ಕುಶಲಿಗರು 1817ರಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲಿದೆ.

ಇದೇ ಮರದ ಇನ್ನೊಂದು ಹೆಸರಾದ ‘ಸಾಗುವಾನಿ’ಯ ದಾರಿಯೇ ಬೇರೆ. ಅದರ ಮೂಲ ಸಂಸ್ಕೃತದ ‘ಶಾಕ’. ಅರಬರ ‘ಸಾಜ್’ ಅದೇ ಬಳಗದ್ದು. ಹಳೆಯದು, ಚಿಕ್ಕದು, ನಮ್ಮದೇ ಆದ ‘ತೇಗ’ ಚಿಕ್ಕಬಳ್ಳಾಪುರದ ಮರದ ಡಿಪೋಗಳ ಬೋರ್ಡಿನಲ್ಲೂ ಕಾಣಬೇಕೆಂಬುದು ನನ್ನ ಆಸೆ.