ಅಲ್ ಕೂಜ್‌ನಲ್ಲಿ ಅಮೆರಿಕದ ದಕ್ಷಿಣದ ಊಟ: ‘ಹೊಲದಿಂದ ಮೇಜಿಗೆ’ ಎಂಬ ಮಾತಿನ ಅರ್ಥ

ದುಬೈಯ ಶೇಖ್ ಜಾಯೆದ್ ರಸ್ತೆಯ ಒಳಬದಿಗೆ ಹರಡಿರುವ ಅಲ್ ಕೂಜ್, ಗೋದಾಮು, ಗ್ಯಾರೇಜು, ಕಾರ್ಖಾನೆ ಮತ್ತು ಕಾರ್ಮಿಕರ ವಸತಿಗಳ ಪ್ರದೇಶ. 2008ರಲ್ಲಿ ಇಲ್ಲಿಯ ಗೋದಾಮುಗಳ ನಡುವೆ ಅಲ್‌ಸರ್ಕಾಲ್ ಅವೆನ್ಯೂ ಎಂಬ ಕಲಾಕೇಂದ್ರ ತಲೆಯೆತ್ತಿತು. ಗ್ಯಾಲರಿಗಳ ಬೆನ್ನಿಗೇ ಕಾಫಿ ಅಂಗಡಿಗಳೂ ಹೊಸ ಬಗೆಯ ಹೋಟೆಲುಗಳೂ ಬಂದವು. ದುಬೈಯಲ್ಲಿ ಇಂಥ ಕಡೆಗಳಿಗೆ ಊಟಕ್ಕೆ ಹೋಗುವ ಕನ್ನಡಿಗರಿಗೆ ಎರಡು ಮಾತುಗಳು ಪದೇ ಪದೇ ಎದುರಾಗುತ್ತವೆ: ‘ಫಾರ್ಮ್ ಟು ಟೇಬಲ್’ ಮತ್ತು ‘ಸದರ್ನ್ ಕಂಫರ್ಟ್ ಫುಡ್’. ಮೊದಲನೆಯದು ಸಮೀಪದ ಹೊಲದಿಂದ ನೇರವಾಗಿ ಮೇಜಿಗೆ ಬಂದ ಆಹಾರ. ಎರಡನೆಯದು ಅಮೆರಿಕದ ಆಗ್ನೇಯ ರಾಜ್ಯಗಳ ಮನೆಯಡುಗೆ. ಮಳೆಯೇ ಅಪರೂಪವಾದ ನಾಡಿನಲ್ಲಿ ಈ ಎರಡು ಮಾತುಗಳನ್ನು ಒಂದೇ ತಟ್ಟೆಯಲ್ಲಿ ಬಡಿಸಲು ಎಷ್ಟರಮಟ್ಟಿಗೆ ಸಾಧ್ಯ ಎಂಬುದೇ ಇಲ್ಲಿಯ ವಿಚಾರ.

‘ಫಾರ್ಮ್ ಟು ಟೇಬಲ್’ ಚಳವಳಿಯ ಆರಂಭವನ್ನು ಸಾಮಾನ್ಯವಾಗಿ 1971ರಲ್ಲಿ ಆಲಿಸ್ ವಾಟರ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತೆರೆದ ‘ಶೇ ಪಾನೀಸ್’ ಹೋಟೆಲಿನಿಂದ ಗುರುತಿಸುತ್ತಾರೆ. ದಕ್ಷಿಣದ ಅಡುಗೆಯ ಮಟ್ಟಿಗೆ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ವರ್ಜೀನಿಯಾದಲ್ಲಿ ಕಟ್ಟಿಕೊಂಡ ಫ್ರೀಟೌನ್ ಎಂಬ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಎಡ್ನಾ ಲೂಯಿಸ್, 1976ರಲ್ಲಿ ‘ದ ಟೇಸ್ಟ್ ಆಫ್ ಕಂಟ್ರಿ ಕುಕಿಂಗ್’ ಎಂಬ ಪುಸ್ತಕ ಪ್ರಕಟಿಸಿದರು. ಅದರ ಅಡುಗೆಗಳು ಋತುಮಾನದ ಕ್ರಮದಲ್ಲಿವೆ. ಆ ಹಳ್ಳಿಯವರಿಗೆ ಹೊಲದಿಂದ ಬಂದದ್ದನ್ನು ಬೇಯಿಸುವುದು ಯಾವ ಘೋಷಣೆಯೂ ಆಗಿರಲಿಲ್ಲ. ಬೇರೆ ದಾರಿಯೇ ಇರಲಿಲ್ಲ. 2010ರಲ್ಲಿ ಶಾನ್ ಬ್ರಾಕ್ ಚಾರ್ಲ್‌ಸ್ಟನ್‌ನಲ್ಲಿ ‘ಹಸ್ಕ್’ ತೆರೆದಾಗ, ದಕ್ಷಿಣದಲ್ಲಿ ಬೆಳೆಯದ ಯಾವುದೂ ಬಾಗಿಲು ದಾಟಿ ಒಳಗೆ ಬರಕೂಡದೆಂದು ನಿಯಮ ಮಾಡಿದರು. ಹಳ್ಳಿಯ ಅನಿವಾರ್ಯತೆ ಆ ಹೊತ್ತಿಗೆ ನಗರದ ಹೆಮ್ಮೆಯಾಗಿತ್ತು.

ಈ ಅಡುಗೆಯನ್ನು ಮೊದಲ ಸಲ ಕಾಣುವ ಕನ್ನಡಿಗರಿಗೆ ಅದರ ಹೆಸರುಗಳು ಅಪರಿಚಿತ, ಪದಾರ್ಥಗಳಲ್ಲ. ‘ಗ್ರಿಟ್ಸ್’ ಎಂಬುದು ಮೆಕ್ಕೆಜೋಳದ ನುಚ್ಚು; ಉತ್ತರ ಕರ್ನಾಟಕದಲ್ಲಿ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಉಂಡವರಿಗೆ ಚಾರ್ಲ್‌ಸ್ಟನ್‌ನಲ್ಲಿ ಅದರ ಮೇಲೆ ಸಿಗಡಿ ಬರುತ್ತದೆಂಬುದಷ್ಟೇ ಹೊಸತು. ‘ಹಾಪಿನ್ ಜಾನ್’ ಎಂಬುದು ಅಕ್ಕಿ ಮತ್ತು ಅಲಸಂದೆ ಜಾತಿಯ ಕಾಳಿನ ಅನ್ನ. ಜನವರಿ 1ರಂದು ಉಂಡರೆ ವರ್ಷವೆಲ್ಲ ಅದೃಷ್ಟ ಎಂಬ ನಂಬಿಕೆಯಿದೆ. ಲೂಯಿಸಿಯಾನಾದ ‘ಗಂಬೊ’ ಎಂಬ ಸಾರಿಗೆ ಆ ಹೆಸರು ಬಂದದ್ದು ಆಫ್ರಿಕದ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ. ‘ಸೋರ್ಗಮ್ ಸಿರಪ್’ ಎಂಬುದು ಸಿಹಿಜೋಳದ ದಂಟಿನ ರಸವನ್ನು ಕಾಯಿಸಿದ ಪಾಕ. ನಮ್ಮ ಜೋನಿಬೆಲ್ಲದ ದೂರದ ನೆಂಟ. ‘ಬಿಸ್ಕಿಟ್’ ಮಾತ್ರ ಬಿಸ್ಕತ್ತಲ್ಲ, ಮಜ್ಜಿಗೆ ಹಾಕಿ ಬೇಯಿಸಿದ ಮೆತ್ತನೆಯ ಬನ್ನು. ಇನ್ನು ‘ಬೆನ್ನೆ ವೇಫರ್’ ಎಂಬುದನ್ನು ಕಂಡು ದಾವಣಗೆರೆಯವರು ಉತ್ಸಾಹಗೊಳ್ಳುವುದು ಬೇಡ. ಪಶ್ಚಿಮ ಆಫ್ರಿಕದಿಂದ ಬಂದ ಆ ಪದದ ಅರ್ಥ ಎಳ್ಳು.

ಈ ನೆಂಟಸ್ತಿಕೆ ಆಕಸ್ಮಿಕವಲ್ಲ. ಜೋಳ ಮತ್ತು ಅಲಸಂದೆ ಆಫ್ರಿಕದಲ್ಲಿ ಪಳಗಿದ ಬೆಳೆಗಳು. ಸಾವಿರಾರು ವರ್ಷಗಳ ಹಿಂದೆಯೇ ಅವು ಭಾರತಕ್ಕೆ ಬಂದವು. ಗುಲಾಮರ ಸಾಗಣೆಯ ಕಾಲದಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೂ ಹೋದವು. ಭಾರತ ಉಪಖಂಡದಲ್ಲಿ ಪಳಗಿದ ಎಳ್ಳು ಆಫ್ರಿಕದ ಮಾರ್ಗವಾಗಿ ಕ್ಯಾರೊಲೈನಾ ಸೇರಿತು. ಕ್ಯಾರೊಲೈನಾದ ಕರಾವಳಿಯ ಭತ್ತದ ಗದ್ದೆಗಳನ್ನು ಕಟ್ಟಿದವರು ಸೆರೆಯಾಗಿ ತಂದ ಆಫ್ರಿಕನ್ನರು. ಯಜಮಾನರ ಅಡುಗೆಮನೆಗಳಲ್ಲಿ ದುಡಿದವರೂ ಅವರೇ. ‘ಸದರ್ನ್’ ಎಂಬ ಒಂದೇ ಪದದಲ್ಲಿ ಈ ಕೈಗಳ ಗುರುತು ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಸಮೀಪದ ಹೋಲಿಕೆ ‘ಪಾಟ್ ಲಿಕರ್’ನದು. ಹೆಸರಿನಲ್ಲಿ ಲಿಕರ್ ಇದ್ದರೂ ಅದು ಮದ್ಯವಲ್ಲ. ಕೊಲಾರ್ಡ್ ಎಂಬ ಕೋಸಿನ ಜಾತಿಯ ದಪ್ಪ ಸೊಪ್ಪನ್ನು ತಾಸುಗಟ್ಟಲೆ ಬೇಯಿಸಿದ ಮೇಲೆ ಪಾತ್ರೆಯಲ್ಲಿ ಉಳಿಯುವ ನೀರು ಅದು. ಅದರಲ್ಲಿ ಮೆಕ್ಕೆಜೋಳದ ರೊಟ್ಟಿ ಅದ್ದಿ ತಿನ್ನುತ್ತಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಬಸ್ಸಾರು ಮಾಡಿ ಮುದ್ದೆ ಅದ್ದುವ ಮಂಡ್ಯ, ಮೈಸೂರಿನವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಇನ್ನು ಹೊಲದ ಮಾತು. ಸಂಯುಕ್ತ ಅರಬ್ ಎಮಿರೇಟ್ಸ್ ತನ್ನ ಆಹಾರದ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಆದರೂ ಇಲ್ಲಿ ಹೊಲಗಳೇ ಇಲ್ಲವೆನ್ನುವುದು ತಪ್ಪು. ಅಲ್ ಐನ್‌ನಲ್ಲಿ ‘ಫಲಜ್’ ಎಂಬ ಪುರಾತನ ಕಾಲುವೆಗಳಿಂದ ನೀರುಣ್ಣುವ ಖರ್ಜೂರದ ತೋಟಗಳು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಯಲಿನಲ್ಲಿ ತರಕಾರಿ ಬೆಳೆಯುವ ಕಾಲ ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ. ಗೋದಾಮುಗಳ ಅಲ್ ಕೂಜ್‌ನಲ್ಲಿಯೂ 2017ರಲ್ಲಿ ಒಂದು ‘ಹೊಲ’ ಹುಟ್ಟಿತು: ಬಾದಿಯಾ ಫಾರ್ಮ್ಸ್ ಎಂಬ ಸಂಸ್ಥೆ ಮಣ್ಣು, ಬಿಸಿಲು ಎರಡೂ ಇಲ್ಲದೆ ಹಂತ ಹಂತದ ತಟ್ಟೆಗಳಲ್ಲಿ ಎಳೆಸೊಪ್ಪು ಬೆಳೆದು ಹೋಟೆಲುಗಳಿಗೆ ಒದಗಿಸತೊಡಗಿತು. 2022ರಲ್ಲಿ ಆರಂಭವಾದ ಬುಸ್ತಾನಿಕಾ 3,30,000 ಚದರಡಿಯಷ್ಟು ದೊಡ್ಡದು. ವರ್ಷಕ್ಕೆ 1,000 ಟನ್ನಿಗೂ ಹೆಚ್ಚು ಸೊಪ್ಪು ಬೆಳೆಯುವ ಗುರಿ ಅದರದು. ಉಪ್ಪುನೀರಿನ ಬೇಸಾಯಕ್ಕಾಗಿ 1999ರಲ್ಲಿ ದುಬೈಯಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವು ಸಜ್ಜೆ ಮತ್ತು ಜೋಳದ ಮೇಲೂ ಪ್ರಯೋಗ ನಡೆಸಿದೆ.

ಆದ್ದರಿಂದ ‘ಸ್ಥಳೀಯ’ ಎಂಬ ಮಾತನ್ನು ತಿಂಗಳಿನ ಜೊತೆಗೆ ಓದಬೇಕು. ಜನವರಿಯಲ್ಲಿ ಟೊಮೇಟೊ, ಸೊಪ್ಪು, ಕೋಸು ಹತ್ತಿರದವು ಎಂದರೆ ನಂಬಬಹುದು. ಆಗಸ್ಟಿನಲ್ಲಿ ಹೊಲದಿಂದ ಬಂದದ್ದೆಂದು ನಿಸ್ಸಂಶಯವಾಗಿ ಹೇಳಬಹುದಾದದ್ದು ಮುಖ್ಯವಾಗಿ ಖರ್ಜೂರ. ಉಳಿದದ್ದು ತಂಪುಗೊಳಿಸಿದ ಹಸಿರುಮನೆಯದು, ಇಲ್ಲವೇ ವಿಮಾನದ್ದು. ಒಂದು ಬೇಸಗೆಯಲ್ಲಿ, ಹೆಸರು ಬೇಡದ ಹೋಟೆಲೊಂದರಲ್ಲಿ, ಕರಿದ ಬೆಂಡೆಕಾಯಿ ಯಾವ ಹೊಲದ್ದೆಂದು ನಾನು ಕೇಳಿದೆ. ಬಡಿಸುತ್ತಿದ್ದ ಯುವಕ ಒಳಗೆ ಹೋಗಿ ವಿಚಾರಿಸಿ ಬಂದು, ‘ಇಂಡಿಯಾದ್ದು ಸರ್’ ಎಂದ. ಉತ್ತರ ಪ್ರಾಮಾಣಿಕವಾಗಿತ್ತು, ಬೆಂಡೆಯೂ ಚೆನ್ನಾಗಿತ್ತು. ಹೊಲದ ಹೆಸರು ಹೇಳಬಲ್ಲ ಹೋಟೆಲು ಇಲ್ಲಿ ಹೆಚ್ಚಿನ ಬೆಲೆ ಕೇಳಿದರೆ ಅದಕ್ಕೆ ಕಾರಣವಿದೆ. ಹೊಲದ ಚಿತ್ರವನ್ನಷ್ಟೇ ಗೋಡೆಗೆ ಅಂಟಿಸಿದ ಹೋಟೆಲಿಗೆ ಅಷ್ಟು ತೆರಬೇಕಿಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ದಕ್ಷಿಣದ ಸಂಪ್ರದಾಯದಲ್ಲಿ ಸೊಪ್ಪನ್ನೂ ಕಾಳನ್ನೂ ಹೊಗೆಯಾಡಿಸಿದ ಹಂದಿಮಾಂಸದ ತುಂಡಿನೊಡನೆ ಬೇಯಿಸುತ್ತಾರೆ. ಬಿಸ್ಕಿಟ್ಟಿನ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವುದೂ ಉಂಟು. ದುಬೈಯಲ್ಲಿ ಹಂದಿಮಾಂಸ ಬಡಿಸಲು ಪ್ರತ್ಯೇಕ ಪರವಾನಗಿ ಬೇಕಾದುದರಿಂದ ಹೆಚ್ಚಿನ ಕಡೆ ಅದು ಇರುವುದಿಲ್ಲ. ಆದರೆ ಅದರ ಸ್ಥಾನಕ್ಕೆ ಟರ್ಕಿ ಕೋಳಿಯೋ ದನದ ಮಾಂಸವೋ ಬಂದಿರಬಹುದು. ಮೆನುವಿನ ‘ತರಕಾರಿ’ ವಿಭಾಗದಲ್ಲಿದೆ ಎಂದ ಮಾತ್ರಕ್ಕೆ ಕೊಲಾರ್ಡ್ ಸೊಪ್ಪು ಸಸ್ಯಾಹಾರವಲ್ಲ. ‘ಮಾಂಸ ಇದೆಯೇ’ ಎಂದಷ್ಟೇ ಕೇಳಿದರೆ ತುಂಡುಗಳಿಲ್ಲವೆಂಬ ಅರ್ಥದಲ್ಲಿ ‘ಇಲ್ಲ’ ಎನ್ನಬಹುದು. ಯಾವ ನೀರಿನಲ್ಲಿ ಬೇಯಿಸಿದ್ದೀರಿ ಎಂದು ಕೇಳಬೇಕು. ನೀರು ಬರಿಯ ನೀರೇ ಆಗಿದ್ದರೆ, ಆ ಕಟ್ಟನ್ನು ಒಂದು ಬಟ್ಟಲಲ್ಲಿ ಬೇರೆಯಾಗಿ ತರಿಸಿಕೊಳ್ಳಿ.